ಗೋಡೆಯಾಚೆಯ ಸಪ್ಪಳ

ಕುಷ್ಟಗಿಯ ಖಾನಾವಳಿಗಳಿಗೆ ಇಪ್ಪತ್ತು ವರ್ಷಗಳಿಂದ ಜೋಳದ ರೊಟ್ಟಿ ಮಾಡಿಕೊಡುವ ಮಾರೆಮ್ಮನಿಗೆ ತನ್ನ ಕಿವಿಯ ಮೇಲೆ ಭಾರೀ ನಂಬಿಕೆ. ತಟ್ಟುವ ಸಪ್ಪಳ ಕೇಳಿಯೇ ಹಿಟ್ಟಿನ ಹದ ಹೇಳುವವಳು. ಪಕ್ಕದ ಮನೆಯ ಸೊಸೆ ಹುಲಿಗೆಮ್ಮನನ್ನಂತೂ ಓಣಿಯಲ್ಲೆಲ್ಲ ಹೊಗಳುತ್ತಿದ್ದಳು: “ದಿನಾ ಗ್ವಾಡಿ ಆಚಿಂದ ರೊಟ್ಟಿ ತಟ್ಟೂದು ಕೇಳ್ತೀನಿ. ಭಾಳ ಪಳಗಿದ ಕೈ.”

ಮೊನ್ನೆ ಮಧ್ಯಾಹ್ನ ಆ ಸಪ್ಪಳ ನಿಂತೊಡನೆ, ಬಿಸಿ ರೊಟ್ಟಿಗೆ ಆಗಲೆಂದು ಬದನೆಕಾಯಿ ಪಲ್ಯ ಹಿಡಿದುಕೊಂಡು ಹೋದಳು. ಅಲ್ಲಿ ಒಲೆಯನ್ನೇ ಹೊತ್ತಿಸಿರಲಿಲ್ಲ. ಹಿಟ್ಟು ಇನ್ನೂ ಡಬ್ಬಿಯಲ್ಲೇ ಇತ್ತು. ಮೂಲೆಯಲ್ಲಿ ಕುಳಿತಿದ್ದ ಹುಲಿಗೆಮ್ಮನ ಎರಡೂ ಕೆನ್ನೆ ಬಾತು, ತುಟಿ ಒಡೆದಿತ್ತು. ಅವಳ ಗಂಡ ಅಂಗೈ ಉಜ್ಜಿಕೊಳ್ಳುತ್ತ, “ಬರ್ರಿ ಅಕ್ಕಾರ, ಕುಂದರ್ರಿ” ಎಂದ.

ಮಾರೆಮ್ಮ ಅವನ ಅಂಗೈಯನ್ನೇ ನೋಡಿದಳು. ಆರು ವರ್ಷ ತಾನು ಓಣಿಗೆಲ್ಲ ಹೊಗಳಿಕೊಂಡು ಬಂದದ್ದು ಅವನ ಕೈಯನ್ನು.