ಎರಡು ಅಕ್ಕಿಚೀಲದ ಎತ್ತರ

ಮಾಮಿಯ ಎಡಗೈ ಬಲಗೈಗಿಂತ ಕಪ್ಪಾಗಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಎದ್ದು ಕಾಣುವಷ್ಟು ವ್ಯತ್ಯಾಸ. ವರ್ಷಗಟ್ಟಲೆ ಟೊರೊಂಟೊ ನಗರದ ಬಸ್ಸು ಓಡಿಸಿದ ಹೆಂಗಸು ಅವರು. ಕಿಟಕಿಯ ಪಕ್ಕದ ಕೈ ಬಿಸಿಲುಂಡಿತ್ತು, ಇನ್ನೊಂದು ನೆರಳಿನಲ್ಲೇ ಉಳಿದಿತ್ತು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಆ ಬಣ್ಣ ಮಾಸಲಿಲ್ಲ. ಯಾರಾದರೂ ಕೇಳಿದರೆ ಎರಡೂ ಕೈ ಚಾಚಿ, "ಇದು ಸರ್ವಿಸ್ಸು, ಇದು ಪೆನ್ಶನ್ನು" ಎಂದು ತೋರಿಸುತ್ತಿದ್ದರು.

ಟೊರೊಂಟೊದ ಎಟೋಬಿಕೋದಲ್ಲಿ ಅವರದು ನಮ್ಮ ಪಕ್ಕದ ಮನೆ. ಉಡುಪಿ ಕಡೆಯ ತುಳುವರು. ನಾನು ಧಾರವಾಡದವಳು, ಅವರಿಗೆ ಯಾವ ರೀತಿಯಲ್ಲೂ ಸಂಬಂಧಿಯಲ್ಲ. ಆದರೆ ಬಂದ ಮೊದಲ ವಾರವೇ ಬೇಲಿಯಾಚೆಯಿಂದ, "ನನ್ನನ್ನು ಆಂಟಿ ಅಂತ ಕರೆದರೆ ನಾನು ತಿರುಗುವುದೇ ಇಲ್ಲ. ಮಾಮಿ ಅನ್ನು" ಎಂದು ಅಪ್ಪಣೆಯಾಯಿತು. ಸಂಕೋಚವೆಂಬ ಪದಾರ್ಥ ಅವರಲ್ಲಿರಲಿಲ್ಲ. ನಾನು ಕಾರು ನಿಲ್ಲಿಸುವ ಚೆಂದಕ್ಕೆ ಅವರು ದಿನಾ ಕಿಟಕಿಯಲ್ಲಿ ನಿಂತು ನಗುತ್ತಿದ್ದರು. ನಮ್ಮ ಮನೆಗೆ ಊಟಕ್ಕೆ ಬಂದರೆ ಕುರ್ಚಿಯನ್ನು ಮುಂದೆ ಎಳೆದು, ಹಿಂದೆ ತಳ್ಳಿ, ಬೆನ್ನಿಗೆ ನನ್ನ ದಿಂಬು ಕೊಟ್ಟು, ಆಮೇಲೆಯೇ ತಟ್ಟೆಗೆ ಕೈ. "ಸೀಟು ಸರಿ ಮಾಡದೆ ನಾನು ಊಟವನ್ನೂ ಸ್ಟಾರ್ಟ್ ಮಾಡುವುದಿಲ್ಲ" ಎನ್ನುತ್ತಿದ್ದರು. ನನ್ನ ಗಂಡ ಇದನ್ನು ಕೇಳಿದಾಗಲೆಲ್ಲ ಸಾರಿನಲ್ಲಿ ಮುಖ ಮುಳುಗಿಸಿ ನಗು ನುಂಗುತ್ತಿದ್ದ.

ಅವರ ಜೀವ ಅವರ ಪಿಕಪ್ ಟ್ರಕ್ಕಿನಲ್ಲಿತ್ತು. ಗುಂಡು ಮೂತಿಯ, ಎಳೆ ಬಾಳೆಲೆಯ ಬಣ್ಣದ, ಮಾಮಿಗಿಂತಲೂ ವಯಸ್ಸಾದ ಗಾಡಿ. ಬಸ್ಸಿನ ಕೆಲಸ ಬಿಟ್ಟ ಮೇಲೆ ಒಂದು ಹಳ್ಳಿಯ ಕೊಟ್ಟಿಗೆಯಲ್ಲಿ ಹಿಡಿದು ತಂದದ್ದಂತೆ. "ಹಿಂದಿನಿಂದ ಯಾರೂ ಬೆಲ್ಲು ಹೊಡೆಯದ ಗಾಡಿ ಒಂದು ಬೇಕಿತ್ತು ಮಾರಾಯ್ತಿ" ಎಂದು ಕಾರಣ ಹೇಳುತ್ತಿದ್ದರು. ಆದರೆ ಬೆಲ್ಲು ಹೊಡೆಯದವರು ಯಾರು? ಯಾರ ಮನೆ ಬದಲಾದರೂ ಸೋಫಾ ಸಾಗುವುದು ಮಾಮಿಯ ಗಾಡಿಯಲ್ಲಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಹೊತ್ತಿಗೆ, ತುಳುವರೆಲ್ಲ ಮಿಲ್ಟನ್ನಿನ ಪಾರ್ಕಿನಲ್ಲಿ ಸೇರಿ ಕೆಸುವಿನೆಲೆಯ ಪತ್ರೊಡೆ ತಿನ್ನುವ ಕೂಟಕ್ಕೆ ಕೊಪ್ಪರಿಗೆ, ಒಲೆ, ಮಡಚುವ ಕುರ್ಚಿಗಳೆಲ್ಲ ಹೋಗುವುದೂ ಅದರಲ್ಲೇ. ಕೂಟದ ಮಕ್ಕಳಿಗೆ ಪತ್ರೊಡೆಗಿಂತ ಆ ಗಾಡಿ ಬರುವುದೇ ದೊಡ್ಡ ಸಂಭ್ರಮ.

ಒಂದು ಚಳಿಗಾಲದಲ್ಲಿ ಮಾಮಿ ಜಾರಿ ಬಿದ್ದರು. ಸೊಂಟದ ಕೀಲು ಬದಲಿಸಬೇಕಾಯಿತು. ಮಾರ್ಕಮ್‌ನಲ್ಲಿರುವ ಅವರ ಮಗಳು ಫಿಸಿಯೋಥೆರಪಿಸ್ಟ್. ಅಮ್ಮನ ಒಂದೊಂದು ಹೆಜ್ಜೆಗೂ ಅವಳ ಕಾವಲು. ವಸಂತಕ್ಕೆ ಮಾಮಿ ಊರುಗೋಲು ಎಸೆದು ನಡೆಯತೊಡಗಿದರು, ಡಾಕ್ಟರು ಡ್ರೈವಿಂಗಿಗೂ ಒಪ್ಪಿದರು. ಆದರೆ ಪಿಕಪ್ಪಿನ ಸೀಟು ಎತ್ತರದಲ್ಲಿ, ಕಾಲು ಅಷ್ಟು ಮೇಲೆ ಹೋಗುವುದಿಲ್ಲ. ಮಗಳು ಕೈಹಿಡಿದು ಹತ್ತಿಸಲು ಹೋದಳು. ಮಾಮಿ ಕೈ ಕೊಡವಿಕೊಂಡು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಮಮ್ಮೀ, ಬಿ ರೀಸನಬಲ್," ಎಂದಳು ಮಗಳು ಬಾಗಿಲ ಹೊರಗಿನಿಂದ. "ಯು ಕಾಂಟ್ ಈವನ್ ಗೆಟ್ ಇನ್. ಮಾರ್ಕಮ್‌ನಲ್ಲಿ ಒಬ್ಬರು ತಗೊಳ್ತಾರಂತೆ. ಗುಡ್ ಹೋಮ್, ಐ ಪ್ರಾಮಿಸ್."

"ಅದು ಬೆಕ್ಕಿನ ಮರಿಯಾ, ಗುಡ್ ಹೋಮ್ ಹುಡುಕಲಿಕ್ಕೆ?" ಎಂದು ಒಳಗಿನಿಂದ ಉತ್ತರ ಬಂತು.

ಕೊನೆಗೆ ತಾಯಿ ಮಗಳ ನಡುವೆ ಒಂದು ಕರಾರಾಯಿತು, ಸಾಕ್ಷಿಗೆ ನಾನು. ಆಟಿಯ ಕೂಟದ ದಿನ ಮಾಮಿ ತುಂಬಿದ ಗಾಡಿಯನ್ನು ತಾವೇ ಓಡಿಸಿಕೊಂಡು ಮಿಲ್ಟನ್ನಿಗೆ ಬರಬೇಕು. ಯಾರ ಕೈಯನ್ನೂ ಹಿಡಿಯದೆ ಹತ್ತಬೇಕು, ಇಳಿಯಬೇಕು. ಆಗದಿದ್ದರೆ ಗಾಡಿ ಮಾರ್ಕಮ್‌ಗೆ.

ಗಾಡಿ ತಗ್ಗಿಸುವುದೆಂದು ಮಾಮಿ ನಿರ್ಧರಿಸಿದರು. ಎಟೋಬಿಕೋದ ಕಾರ್ಖಾನೆಗಳ ಸಾಲಿನಲ್ಲಿ ಒಬ್ಬ ಸರದಾರ್ಜಿಯ ವರ್ಕ್‌ಶಾಪ್ ಇತ್ತು. ಹಳೆಯ ಗಾಡಿಗಳನ್ನು ನೆಲಕ್ಕೆ ಅಂಟಿಸಿದಂತೆ ತಗ್ಗಿಸಿ ಪ್ರದರ್ಶನಕ್ಕೆ ಕಳಿಸುವುದರಲ್ಲಿ ಅವನದು ದೊಡ್ಡ ಹೆಸರು. ಮಾಮಿ ಅವನನ್ನು ಪಂಜಾಬಿಯಲ್ಲಿ ಪಾಜಿ, ಅಂದರೆ ಅಣ್ಣ, ಎಂದರು, ಅವನು ಅವರನ್ನು ಆಂಟೀಜಿ ಎಂದ. ಈ ಸಲ ಯಾಕೋ ಆಂಟಿ ಪದಕ್ಕೆ ಮಾಮಿ ತಿರುಗಿದರು.

ಪಾಜಿ ಗಾಡಿಯ ಅಡಿಯಲ್ಲಿ ತೂರಿ ಸ್ಕ್ರೂಡ್ರೈವರಿನಿಂದ ಅದರ ಕಬ್ಬಿಣದ ಚೌಕಟ್ಟನ್ನು, ಚಾಸಿಯನ್ನು, ಕುಟ್ಟಿದ. ರಸ್ತೆಗೆ ಸುರಿಯುವ ಉಪ್ಪನ್ನು ಎಷ್ಟೋ ಚಳಿಗಾಲ ತಿಂದ ಕಬ್ಬಿಣ ಹಪ್ಪಳದ ಚೂರಿನ ಹಾಗೆ ಉದುರಿತು. ಅವನು ಎರಡು ದಾರಿ ಹೇಳಿದ. ಒಂದು, ಕೊಳೆತ ಭಾಗಕ್ಕೆ ತೇಪೆ ಹಾಕಿ, ಹಳೆಯ ಸ್ಪ್ರಿಂಗುಗಳನ್ನು ಬದಲಿಸಿ ಗಾಡಿಯನ್ನು ಒಂದೇ ಎತ್ತರಕ್ಕೆ ತಗ್ಗಿಸುವುದು. ಕೆಲಸ ಬೇಗ ಮುಗಿಯುತ್ತದೆ, ಆದರೆ ಆ ಎತ್ತರವೇ ಖಾಯಂ. ಇನ್ನೊಂದು, ಇಡೀ ಚಾಸಿಯನ್ನೇ ಹೊಸದಾಗಿ ಮಾಡಿಸಿ ಸ್ಪ್ರಿಂಗುಗಳ ಜಾಗಕ್ಕೆ ಗಾಳಿಚೀಲ ಕೂರಿಸುವುದು. ಗುಂಡಿ ಒತ್ತಿದರೆ ಗಾಡಿ ಏರುತ್ತದೆ, ಇಳಿಯುತ್ತದೆ. "ಆಂಟೀಜಿ, ಜಮೀನ್ ಪೆ ಲಿಟಾ ದೂಂಗಾ!" ಎಂದ ಪಾಜಿ, ಅಂಗೈಯನ್ನು ನೆಲಕ್ಕೆ ಒತ್ತಿ ತೋರಿಸುತ್ತ. ನೆಲದ ಮೇಲೆ ಮಲಗಿಸಿಬಿಡುತ್ತಾನಂತೆ. ಅಷ್ಟು ಮಲಗಬೇಕಾದರೆ ಚಕ್ರಗಳ ಆಕ್ಸಲ್ಲಿಗೆ ಜಾಗ ಬೇಕು, ಅದಕ್ಕೆ ಸಾಮಾನು ಹೇರುವ ಹಿಂದಿನ ತೊಟ್ಟಿಯ ತಳವನ್ನು ಮೇಲಕ್ಕೆತ್ತಬೇಕು, ಅಷ್ಟೇ.

ಮಾಮಿ ಸೀದಾ ತೊಟ್ಟಿಯ ಹತ್ತಿರ ಹೋಗಿ ತಮ್ಮ ಕಪ್ಪು ಕೈಯನ್ನು ಒಳಗೆ ಇಳಿಬಿಟ್ಟು ಆಳ ನೋಡಿದರು. ತಳ ಮೇಲೆ ಬಂದರೆ ಕೊಪ್ಪರಿಗೆ ಅಂಚಿನಿಂದ ಮೇಲಕ್ಕೆ ನಿಲ್ಲುತ್ತದೆ, ಹೈವೇಯಲ್ಲಿ ಮಗುಚುತ್ತದೆ.

"ಹೊಸ ಚಾಸಿ ಬೇಕು, ಗಾಳಿಚೀಲವೂ ಬೇಕು. ತಳ ಮುಟ್ಟಬೇಡ," ಎಂದರು.

"ಫಿರ್ ಜಮೀನ್ ತಕ್ ನಹೀ ಜಾಯೇಗಾ, ಆಂಟೀಜಿ. ಶಾನ್ ಕ್ಯಾ ರಹೇಗೀ?" ನೆಲದವರೆಗೆ ಇಳಿಯದ ಗಾಡಿಗೆ ಏನು ಗತ್ತು ಎಂದು ಅವನ ಸಂಕಟ.

ಮಾಮಿ ನನ್ನ ಕಡೆ ತಿರುಗಿದರು. "ಹೇಳು ಇವನಿಗೆ, ನಿನ್ನ ಹಿಂದಿ ನನಗಿಂತ ಚಂದ ಉಂಟು. ಗಾಡಿಯ ಹೊಟ್ಟೆ ನೆಲ ಮುಟ್ಟುವುದು ಬೇಡ. ನನ್ನ ಕಾಲು ನೆಲ ಮುಟ್ಟಬೇಕು. ಸ್ಟಾಪಿನಲ್ಲಿ ಅಜ್ಜಿಯಂದಿರಿಗೆ ನಮ್ಮ ಬಸ್ಸು ಒಂದು ಬದಿ ಮಂಡಿಯೂರ್ತದಲ್ಲ, ಹಾಗೆ. ಜೀವಮಾನ ಇಡೀ ಬೇರೆಯವರಿಗೆ ಬಸ್ಸು ಬಗ್ಗಿಸಿ ಕೊಟ್ಟೆ, ಈಗ ನನಗೊಂದು ಬಗ್ಗಲಿ."

ನಾನು ಹೇಳಿದೆ. ಪಾಜಿ ಗಡ್ಡ ಸವರಿಕೊಂಡ. ಆಮೇಲೆ ನಕ್ಕು, ಸೀಟು ನೆಲದಿಂದ ಎಷ್ಟು ಎತ್ತರಕ್ಕೆ ಬರಬೇಕೋ ಆ ಅಳತೆ ಕಳಿಸಿ ಎಂದ.

ಅಳತೆ ಹುಡುಕುವುದು ಸುಲಭವಿರಲಿಲ್ಲ. ಸೀಟು ಎತ್ತರವಾದರೆ ಹತ್ತಲಾಗದು. ತೀರ ತಗ್ಗಾದರೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ, ಹೊಸ ಕೀಲಿಗೆ ಅದು ಸಲ್ಲದು, ಏಳಲೂ ಆಗದು. ಮಾಮಿ ಗ್ಯಾರೇಜಿನಿಂದ ಕುಚ್ಚಲಕ್ಕಿಯ ಚೀಲಗಳನ್ನು ನನ್ನಿಂದ ಹೊರಿಸಿ ಒಂದರ ಮೇಲೊಂದು ಮಲಗಿಸಿದರು. ಒಂದು ಚೀಲದ ಮೇಲೆ ಕೂತರೆ ತಗ್ಗು. ಮೂರಾದರೆ ಕಾಲು ತೂಗಾಡಿತು. ಎರಡು ಚೀಲ ಹೇಳಿ ಮಾಡಿಸಿದ ಹಾಗಿತ್ತು. ಮಗಳು ಬಂದು ಮಂಡಿಯ ಕೋನ ನೋಡಿ, ಬೇಸರದಿಂದಲೇ "ಫೈನ್" ಎಂದಳು.

ಆ ಬೇಸಿಗೆ ನನ್ನ ಅವ್ವ ಧಾರವಾಡದಿಂದ ಬಂದಿದ್ದಳು. ಮಂಡಿನೋವಿನವಳು. ನಮ್ಮ ಎತ್ತರದ ಕಾರಿಗೆ ಅವಳನ್ನು ಹಿಂದಿನಿಂದ ದೂಡಿ ಹತ್ತಿಸಬೇಕಿತ್ತು. ಎರಡು ಸಲ ಹಾಗೆ ಹತ್ತಿದವಳು ಮೂರನೆಯ ಸಲ, "ನಾ ಒಲ್ಲೆವಾ, ಮಂದಿ ನೋಡ್ತಾರ" ಎಂದು ಸೆರಗು ಹೊದ್ದು ಕೂತುಬಿಟ್ಟಳು. ಆಮೇಲೆ ಮನೆಯೇ ಅವಳ ಕೆನಡಾ ಆಯಿತು. ಚೀಲಗಳನ್ನು ಜೋಡಿಸಿದ ಆ ದಿನ ಪಕ್ಕದ ಮನೆಗೆ ಬಂದವಳು ಮಾಮಿ ಎದ್ದ ಮೇಲೆ ಆ ಚೀಲಗಳ ಮೇಲೆ ತಾನೂ ಕೂತಳು, ತಾನೇ ಎದ್ದಳು, ಮತ್ತೆ ಕೂತಳು. "ಛಲೋ ಅದ," ಎಂದಳು. ಆ ಎರಡು ಚೀಲಗಳನ್ನು ಯಾರೂ ಮುಟ್ಟಕೂಡದೆಂದು ಮಾಮಿ ಹುಕುಂ ಹೊರಡಿಸಿದರು.

ಕೆಲವು ವಾರಗಳ ನಂತರ ಪಾಜಿ ಅಳತೆ ಕೇಳಿದಾಗ ಮಾಮಿ ಚೀಲಗಳ ಪಕ್ಕಕ್ಕೆ ಒಂದು ಹುರಿ ಇಳಿಬಿಟ್ಟು, ಗಂಟು ಹಾಕಿ ಕಳಿಸಿದರು. ಟೇಪಿನ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ.

ಗಾಡಿ ಸಿದ್ಧವಾದ ದಿನ ವರ್ಕ್‌ಶಾಪಿನಲ್ಲಿ ಮಗಳೂ ಇದ್ದಳು. ಹೊಸ ಚಾಸಿಯ ಮೇಲೆ ಕೂತ ಗಾಡಿ ಹೊಳೆಯುತ್ತಿತ್ತು. ಪಾಜಿ ಗುಂಡಿ ಒತ್ತಿದ. ಬುಸ್ ಎನ್ನುತ್ತ ಗಾಡಿ ಇಳಿಯಿತು. ಮಾಮಿ ಠೀವಿಯಿಂದ ಹೋಗಿ ಕೂತರು, ಕೂತವರು ಇನ್ನೂ ಕೆಳಕ್ಕೆ ಹೋದರು. ಮಂಡಿ ಮೇಲೆ ಬಂತು. ಏಳಲು ನೋಡಿದರು, ಆಗಲಿಲ್ಲ. ಇನ್ನೊಮ್ಮೆ ನೋಡಿದರು. ಮಗಳ ಕೈ ತಾನಾಗಿ ಮುಂದೆ ಬಂತು.

"ಮಮ್ಮೀ. ಸೀ?" ಎಂದಳು ಮೆಲ್ಲಗೆ. ಅವಳಿಗೂ ಗೆದ್ದ ಸಂತೋಷವೇನೂ ಇರಲಿಲ್ಲ.

ಮಾಮಿ ಕೈ ಹಿಡಿಯಲಿಲ್ಲ. ಸ್ಟಿಯರಿಂಗ್ ನೋಡುತ್ತ ಕೂತರು. ಆಮೇಲೆ ನನ್ನನ್ನು ಕರೆದರು.

"ಹುರಿ ಕಳಿಸುವ ಮೊದಲು ಮಂಗಳೂರಿನಿಂದ ನೆಂಟರು ಬಂದಿದ್ದರಲ್ಲ, ಅವರಿಗೆ ನಾನು ಗಂಜಿ ಮಾಡಿದ್ದು ಯಾವ ಅಕ್ಕಿಯದ್ದು?"

ನಾನು ಬಾಯಿಗೆ ಕೈ ಅಡ್ಡ ಹಿಡಿದೆ. "ಮಾಮಿ! ಆ ಚೀಲದ್ದ ತಗದ್ರೇನ್ರೀ?"

"ಒಂದು ದಿನ ಅಲ್ಲ ಮಾರಾಯ್ತಿ, ವಾರ ಇಡೀ! ಅಂಗಡಿಯಲ್ಲಿ ಕುಚ್ಚಲಕ್ಕಿ ಇರಲಿಲ್ಲ. ಬಾಯಿ ಕಟ್ಟಿ ವಾಪಸ್ ಮಲಗಿಸಿ ಇಟ್ಟೆ, ಮರೆತೇ ಹೋಯಿತು. ಅಳತೆಯನ್ನೇ ಬೇಯಿಸಿ ಉಣ್ಣಿಸಿದೆನಲ್ಲ ನಾನು!" ಸ್ಟಿಯರಿಂಗಿಗೆ ಬಡಿದು ಬಡಿದು ನಕ್ಕರು. "ಪಾಜಿ, ಹವಾ ಭರೋ!"

ಪಾಜಿ ಗುಂಡಿ ಒತ್ತಿದ. ಗಾಡಿ ಮಾಮಿಯನ್ನು ಕೂರಿಸಿಕೊಂಡೇ ಮೆಲ್ಲನೆ ಏರಿತು. ಅವರು ಎರಡೂ ಪಾದ ನೆಲಕ್ಕೆ ಊರಿ, ಕಣ್ಣು ಮುಚ್ಚಿ ಕಾದರು. "ಸ್ಟಾಪ್!" ಎಂದು ಕೂಗಿದ್ದು ಬೀದಿಗೆ ಕೇಳಿರಬೇಕು. ಮರುಗಳಿಗೆ ಎದ್ದು ನಿಂತಿದ್ದರು. ಸ್ಪ್ರಿಂಗು ಬದಲಿಸಿ ಒಂದೇ ಎತ್ತರಕ್ಕೆ ಇಳಿಸಿದ್ದರೆ ಆ ಗಂಜಿಯ ಜೊತೆಗೆ ಗಾಡಿಯೂ ಹೋಗುತ್ತಿತ್ತು. ಮಗಳು ನಗು ತಡೆದುಕೊಂಡು, "ಖಾಲಿ ಗಾಡಿ ಡಸಂಟ್ ಕೌಂಟ್" ಎಂದಳು. ಮಾಮಿ ಮರುದಿನವೇ ಕೊಪ್ಪರಿಗೆಗೆ ನೀರು ತುಂಬಿಸಿ ತೊಟ್ಟಿಯಲ್ಲಿಟ್ಟು, ಅಷ್ಟು ಭಾರದಲ್ಲಿ ಎಷ್ಟು ಗಾಳಿ ಬೇಕೆಂದು ಪಾಜಿಯಿಂದ ಮತ್ತೆ ಹೊಂದಿಸಿಕೊಂಡರು. ಅವನು ಹೊಂದಿಸುವಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದರು.

ಕೂಟದ ದಿನ ಅವರು ಯಾರ ಕೈಯನ್ನೂ ಹಿಡಿಯದೆ ಹತ್ತಿದ್ದಕ್ಕೆ ನಾನೂ ಅವ್ವನೂ ಸಾಕ್ಷಿ. ಮಾಮಿಯ ಹಟಕ್ಕೆ ಸೋತು ಅವ್ವ ನನ್ನ ಗಂಡ ಓಡಿಸುವ ನಮ್ಮ ಕಾರಿಗೆ ದೂಡಿಸಿಕೊಂಡೇ ಹತ್ತಿ ಹೊರಟಿದ್ದಳು. ಕರಾರಿನ ಸಾಕ್ಷಿಯಾಗಿ ನಾನು ಮಾಮಿಯ ಪಕ್ಕ ಕೂತೆ. ಗಾಡಿ ಮೇಲೆದ್ದು, ಮೈ ನೆಟ್ಟಗೆ ಮಾಡಿಕೊಂಡು, ಪತ್ರೊಡೆ, ಕೊಪ್ಪರಿಗೆ, ಕುರ್ಚಿಗಳ ಸಮೇತ ಹೈವೇಗೆ ಇಳಿಯಿತು. ಪಕ್ಕದ ಸಾಲಿನ ದೊಡ್ಡ ಲಾರಿಗಳು ಹಾರ್ನ್ ಹೊಡೆದು ಮರ್ಯಾದೆ ಕೊಟ್ಟವು. ಮಾಮಿ ಎಡಗೈಯನ್ನು ಕಿಟಕಿಯ ಹೊರಗಿಟ್ಟು, ಮಿಲ್ಟನ್ ಬರುವವರೆಗೂ ನನಗೆ ತುಳು ಬೈಗುಳ ಕಲಿಸಿದರು.

ಪಾರ್ಕಿನಲ್ಲಿ ಮಗಳು ಕಾದು ನಿಂತಿದ್ದಳು, ಅವಳ ಹಿಂದೆ ಇಡೀ ಕೂಟ. ಗಾಡಿ ನಿಂತಿತು. ಬುಸ್ಸೆಂದು ಇಳಿಯಿತು, ಮಕ್ಕಳು ಹೋ ಎಂದರು. ಬಾಗಿಲು ತೆರೆದ ಕೂಡಲೆ ಮಗಳು ಅಭ್ಯಾಸಬಲದಿಂದ ಕೈ ಚಾಚಿದಳು. ಮಾಮಿ ನನ್ನ ಮಡಿಲಲ್ಲಿದ್ದ ಪತ್ರೊಡೆಯ ಡಬ್ಬಿಯನ್ನು ಎತ್ತಿ ಆ ಕೈಗೆ ಕೊಟ್ಟರು.

"ಕೈ ಖಾಲಿ ಉಂಟಲ್ಲ, ಇದನ್ನು ಹಿಡಿ."

ಪಾದ ಊರಿದರು, ಎದ್ದರು, ನಿಂತರು. ಚಪ್ಪಾಳೆಯೋ ಚಪ್ಪಾಳೆ. ಮಗಳು ಡಬ್ಬಿಯನ್ನು ಎದೆಗೊತ್ತಿಕೊಂಡು ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಓಕೆ, ಮಮ್ಮೀ. ಯು ವಿನ್."

ಮಾಮಿಗೆ ಅದನ್ನು ಕೇಳಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಅವರ ಕಣ್ಣು ದೂರದ ಬೆಂಚಿನ ಮೇಲೆ ಮುದುಡಿ ಕೂತಿದ್ದ ಅವ್ವನ ಮೇಲಿತ್ತು. "ಅಕ್ಕಾ, ಬನ್ನಿ. ಒಂದು ರೌಂಡ್ ಹೋಗುವ."

ಅವ್ವ ಬಂದಳು. ಬಾಗಿಲ ಬಳಿ ನಿಂತು ನನಗಾಗಿ ತಿರುಗಿ ನೋಡಿದಳು.

"ಅವಳನ್ನು ಎಂತ ನೋಡುದು? ಕೂತ್ಕೊಳ್ಳಿ," ಎಂದರು ಮಾಮಿ.

ಅವ್ವ ಕೂತಳು. ಒಂದೊಂದೇ ಕಾಲು ಒಳಗೆ ತೆಗೆದುಕೊಂಡು, ಸೆರಗು ಸರಿಮಾಡಿಕೊಂಡು, ಬಾಗಿಲನ್ನು ತಾನೇ ಎಳೆದು ಹಾಕಿಕೊಂಡಳು. ಇಬ್ಬರು ಹೆಂಗಸರು ಪಾರ್ಕಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದರು. ಗಾಡಿ ನಿಂತಾಗ ನಾನು ಓಡಿಹೋದೆ. ಅವ್ವ ಕಿಟಕಿಯಿಂದ ನನ್ನನ್ನು ನೋಡಿಯೂ ನೋಡದವಳ ಹಾಗೆ ಮಾಮಿಯ ಕಡೆ ತಿರುಗಿ, "ಇನ್ನೊಂದ ಸುತ್ತ ಹೊಡೀರಿ ಅಕ್ಕಾರ" ಎಂದಳು. ಅಷ್ಟರಲ್ಲಿ ಕೂಟದ ಅಜ್ಜಿಯರೆಲ್ಲ ತಮ್ಮ ಪಾಳಿಗೆ ಸಾಲುಗಟ್ಟಿದ್ದರು.

ಮಾಮಿ ಮತ್ತೆರಡು ಬೇಸಿಗೆ ಆ ಗಾಡಿ ಓಡಿಸಿ, ಒಂದು ಮುಂಜಾನೆ ನಿದ್ದೆಯಲ್ಲೇ ಹೋದರು. ಧಾರವಾಡಕ್ಕೆ ಫೋನ್ ಮಾಡಿ ಹೇಳಿದಾಗ ಅವ್ವ, "ಆಕಿ ನನ್ನನ್ನ ಒಬ್ಬಾಕಿನ್ನ ಹತ್ತಾಕ ಬಿಟ್ಟಳು ನೋಡವಾ" ಎಂದಳು. ನನ್ನ ಅವ್ವ ಈ ದೇಶದಲ್ಲಿ ತಲೆಯೆತ್ತಿ ಕೂತ ಮಧ್ಯಾಹ್ನ ಅದೊಂದೇ. ಅದನ್ನು ಕೊಟ್ಟವರು ಮಾಮಿ. ಆ ಋಣ ನನ್ನ ಮೇಲಿದೆ. ತೀರಿಸಿ ಹಗುರಾಗುವ ಮನಸ್ಸು ನನಗಿಲ್ಲ.