ಇದ್ದಿಲು ಬಸ್ಸಿನ ಡ್ರೈವರು

ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ, ಮಿಡಿಗೇಶಿಯಿಂದ ಮಧುಗಿರಿಗೆ ಹೋಗುವ ನಮ್ಮ ಬಸ್ಸಿನ ಹಿಂಬದಿಗೆ ಇದ್ದಿಲೊಲೆ ಕಟ್ಟಿದರು; ಅದರ ಅನಿಲದಿಂದಲೇ ಎಂಜಿನ್ನು ಓಡಬೇಕು. ಅಂದಿನಿಂದ ಅದರ ಡ್ರೈವರು ತಲೆಯೆತ್ತಿ ನಡೆದದ್ದನ್ನು ನಾನು ಕಾಣೆ. ಒಲೆಯ ಕೆಲಸವೆಲ್ಲ ಕ್ಲೀನರದು. "ನಾನು ಡ್ರೈವರು ಕಣ್ಲಾ, ಅಡ್ಗೆ ಭಟ್ಟ ಅಲ್ಲ" ಎಂದು ಇವರು ಬಿಳಿ ಕೋಟಿನ ತೋಳು ಕೊಡವುತ್ತಿದ್ದರು. ದಿಬ್ಬದಲ್ಲಿ ಬಸ್ಸು ನಿಂತರೆ ನಾವೆಲ್ಲ ಇಳಿದು ತಳ್ಳಬೇಕು. ಹೈಸ್ಕೂಲಿಗೆ ಹೋಗುತ್ತಿದ್ದ ನಾನು ಡೈರಿಯಲ್ಲಿ ಅದರ ಲೆಕ್ಕವಿಟ್ಟಿದ್ದೆ: ಹತ್ತೊಂಬತ್ತು ದಿನ, ಇಪ್ಪತ್ತಾರು ಸಲ. ಆ ಡೈರಿ ಕಂಡರೆ ಡ್ರೈವರಿಗೆ ಆಗುತ್ತಿರಲಿಲ್ಲ.

ಇಪ್ಪತ್ತನೆಯ ದಿನ ನನಗೆ ಪರೀಕ್ಷೆ. ಕ್ಲೀನರು ಬಂದಿರಲಿಲ್ಲ. ದಿಬ್ಬದ ಬುಡದಲ್ಲೇ ಬಸ್ಸು ಕೆಮ್ಮಿ ನಿಂತಿತು. ಅಜ್ಜಿಯೊಬ್ಬಳು ಇಳಿದು ಒಲೆಯೊಳಗೆ ಇಣುಕಿದಳು.

"ಡ್ರೈವರಪ್ಪ, ಬೂದಿ ಕಟ್ಕಂಡೈತೆ. ಒಲೆ ಉಸಿರಾಡೋದು ಹೆಂಗೆ? ನಿಮ್ಮವ್ವ ಹೇಳ್ಕೊಡ್ಲಿಲ್ವಾ?"

ಎಲ್ಲರೂ ನಕ್ಕರು. ಡ್ರೈವರು ನನ್ನ ಡೈರಿಯನ್ನೊಮ್ಮೆ ನೋಡಿ, ತೋಳು ಮಡಿಸಿ, ತಾವೇ ಬೂದಿ ಕೆದಕಿದರು; ಗಾಳಿಯೂದುವ ಚಕ್ರ ತಿರುಗಿಸಿದರು. ಕೆಂಡ ಕೆಂಪಾಯಿತು. ಬಸ್ಸು ನಮ್ಮೆಲ್ಲರನ್ನೂ ಹೊತ್ತುಕೊಂಡೇ ದಿಬ್ಬ ಹತ್ತಿತು! ನಮ್ಮ ಕೂಗು ಮಧುಗಿರಿ ಬೆಟ್ಟದ ಕೋಟೆಗೂ ಮುಟ್ಟಿರಬೇಕು.

ಮೂಗಿಗೆ ಮಸಿ ಮೆತ್ತಿಕೊಂಡ ಆ ಮುಖ ನನ್ನತ್ತ ತಿರುಗಿತು.

"ಬರ್ಕಳ್ಲಾ, ಇವತ್ತು ಸೊನ್ನೆ! ಅಡ್ಗೆ ಭಟ್ಟನೇ ಬಸ್ಸು ಹತ್ತಿಸ್ದ ಅಂತ ಬರ್ಕ!"