ಬರಿಗಾಲಿನ ಕೋಚ್ ಮುರುಗೆಪ್ಪ

ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಹಿಂಬದಿಯಲ್ಲಿ ಇನ್ನೂ ಯಾರೂ ಕಾರ್ಖಾನೆ ಕಟ್ಟದ ಒಂದು ಖಾಲಿ ಜಾಗವಿದೆ. ಬೆಳಕು ಸರಿಯಾಗಿ ಹರಿದಿಲ್ಲ. ಇಬ್ಬರು ಗಂಡಸರು ಅಲ್ಲಿ ನೆಲಕ್ಕೆ ನೀರು ಚಿಮುಕಿಸಿ ದಮ್ಮಸು ಬಡಿಯುತ್ತಿದ್ದಾರೆ. ಗಾಳಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಯಾವ ಕಾರ್ಖಾನೆ ಯಾವ ಗಾಳಿ ಬಿಟ್ಟಿತೋ ಆ ದೇವರೇ ಬಲ್ಲ. ನಾನು ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದೇನೆ, ಅವರಿಬ್ಬರೂ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ.

ಎತ್ತರದವರು, ಮೀಸೆ ನರೆತವರು, ಮುರುಗೆಪ್ಪ. ಗಿಡ್ಡಗೆ, ತೋಳು ಕಲ್ಲಿನಂತೆ ಇರುವವರು ಕುಶಲ. ಇಬ್ಬರಿಗೂ ಕಿವಿ ಕೇಳುವುದಿಲ್ಲ. ಇಬ್ಬರೂ ಬಾಸ್ಕೆಟ್‌ಬಾಲ್ ಕೋಚ್‌ಗಳು. ಠಾಣೆಯಿಂದ ಕಲ್ಯಾಣದವರೆಗಿನ ಕಿವುಡ ಹುಡುಗರನ್ನು ಒಟ್ಟುಗೂಡಿಸಿ ಒಂದು ತಂಡ ಕಟ್ಟಿದ್ದಾರೆ. ಹುಡುಗರು ಇನ್ನೂ ಬಂದಿಲ್ಲ. ಅವರು ಬರುವುದರೊಳಗೆ ಈ ನೆಲ ಗಟ್ಟಿಯಾಗಬೇಕು. ಮುರುಗೆಪ್ಪ ಚೆಂಡು ಎತ್ತಿ ನೆಲಕ್ಕೆ ಅಪ್ಪಳಿಸುತ್ತಾರೆ. ಅದು ಮೊಣಕಾಲಿನ ತನಕವೂ ಏಳದೆ ಉರುಳಿಕೊಂಡು ಹೋಗುತ್ತದೆ. ಕುಶಲ ಮತ್ತೆ ದಮ್ಮಸು ಕೈಗೆತ್ತಿಕೊಳ್ಳುತ್ತಾರೆ.

ಕಬ್ಬಿಣದ ಕಂಬ, ಅದರ ಮೇಲೆ ಚೆಂಡು ಹಾಕುವ ಬಳೆ ಎರಡೂ ಮುರುಗೆಪ್ಪನವರೇ ಮಾಡಿದ್ದು. ಇಲ್ಲೇ ಎಂಐಡಿಸಿಯ ಒಂದು ವರ್ಕ್‌ಶಾಪಿನಲ್ಲಿ ಅವರು ಲೇಥ್ ಮೇಲೆ ಕೆಲಸ ಮಾಡುತ್ತಾರೆ. ಇಷ್ಟೆಲ್ಲ ಮಾಡಬಲ್ಲ ಮನುಷ್ಯನಿಗೆ ನೆಲವನ್ನು ಮಾತ್ರ ಮಾಡಿಕೊಳ್ಳಲು ಆಗುತ್ತಿಲ್ಲ.

ಅವರ ಮನೆತನ ಬಾಗಲಕೋಟೆ ಕಡೆಯದು. ತಂದೆ ಸೀರೆ ವ್ಯಾಪಾರಕ್ಕೆಂದು ಕಲ್ಯಾಣಕ್ಕೆ ಬಂದು ಅಲ್ಲೇ ನೆಲೆನಿಂತವರು. "ನನಗ ಏಳ ವರ್ಷ ಇದ್ದಾಗ ಜ್ವರಾ ಬಂತು," ಎನ್ನುತ್ತಾರೆ ಮುರುಗೆಪ್ಪ. "ಜ್ವರಾ ಹೋತು. ಹೋಗೂ ಮುಂದ ಕಿವಿನೂ ತಗೊಂಡ ಹೋತು." ಹೌದು, ಅವರು ಮಾತಾಡುತ್ತಾರೆ. ಏಳು ವರ್ಷದ ತನಕ ಕೇಳಿದ ಕನ್ನಡ ಅವರ ಬಾಯಲ್ಲಿ ಇದ್ದ ಹಾಗೇ ಉಳಿದಿದೆ. ನಾವೆಲ್ಲ ಇಲ್ಲಿ "ಗಾಡಿ ಲೇಟ್ ಝಾಲಾ," "ಖೋಲಿ ಖಾಲಿ ಮಾಡು" ಎಂದು ಮೂರು ಭಾಷೆ ಕಲಸಿ ಉಣ್ಣುವವರು. ಅವರ ಮಾತಿನಲ್ಲಿ ಮರಾಠಿಯ ಒಂದು ಅಗುಳೂ ಇಲ್ಲ. ಆದರೆ ತಮ್ಮ ದನಿ ಎಷ್ಟು ದೊಡ್ಡದೆಂಬುದು ಮಾತ್ರ ಅವರಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಕುಳಿತವರೊಡನೆ ಮಾತಾಡಿದರೂ ಆಚೆ ಬೀದಿಗೆ ಕೇಳುತ್ತದೆ. ಈ ದನಿಯ ವಿಷಯ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಅದು ಅವರಿಗೆ ಕೊಟ್ಟ ಪೆಟ್ಟು ಸಣ್ಣದಲ್ಲ.

ನನ್ನ ಪ್ರಶ್ನೆಗಳನ್ನು ಅವರಿಗೆ ಕೈಸನ್ನೆಯಲ್ಲಿ ದಾಟಿಸುವವರು ತಂಗಿ ನೀಲಗಂಗಾ. ಠಾಣೆಯ ಅಂಚೆ ಕಚೇರಿಯಲ್ಲಿ ಕೆಲಸ. ರಜೆ ಬಂದರೆ ಅಣ್ಣನ ಹಿಂದೆ ಮೈದಾನಕ್ಕೆ. ಕುಶಲ ಹುಟ್ಟಿನಿಂದಲೇ ಕಿವುಡರು, ಬಾಯಿಂದ ಮಾತಿಲ್ಲ. ಉಡುಪಿ ಕಡೆಯ ಈ ಮನುಷ್ಯ ಠಾಣೆ ಸ್ಟೇಶನ್ ಹತ್ತಿರ ತಮ್ಮ ಸ್ವಂತ ಅಣ್ಣನ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಾರೆ. ಮುರುಗೆಪ್ಪನವರಿಗೂ ಅವರಿಗೂ ಗೆಳೆತನವಾದದ್ದು ಬೊಂಬಾಯಿಯ ಕಿವುಡ ಮಕ್ಕಳ ಶಾಲೆಯಲ್ಲಿ, ಇಬ್ಬರೂ ಚೆಂಡು ಹಿಡಿಯಲು ಕಲಿತದ್ದೂ ಅಲ್ಲೇ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ, ಎಂದರೆ ಎಂಬತ್ತಮೂರರಲ್ಲಿ, ಈ ತಂಡಕ್ಕೆ ಒಳ್ಳೆಯ ಆಟದ ಜಾಗ ಸಿಗುವ ಕಾಲ ಬಂದಿತ್ತು. ಡೊಂಬಿವಲಿಯಲ್ಲಿ ನಮ್ಮವರೇ ನಡೆಸುವ ಒಂದು ವಿದ್ಯಾಸಂಸ್ಥೆಯಿದೆ. ಹೆಸರು ಬರೆಯಬೇಡಿ ಎಂದು ಸಂಪಾದಕರು ತಾಕೀತು ಮಾಡಿದ್ದಾರೆ, ಬರೆಯುವುದಿಲ್ಲ. ಅದರ ಸಭಾಗೃಹದ ಮೇಲಿನ ಸ್ಲ್ಯಾಬಿಗೆ, ಎಂದರೆ ಕಾಂಕ್ರೀಟು ತಾರಸಿಗೆ, ಸುತ್ತ ತಂತಿಯ ಜಾಳಿ ಹೊಡೆದು ಬಾಸ್ಕೆಟ್‌ಬಾಲ್ ಕೋರ್ಟು ಮಾಡಿದ್ದಾರೆ. ಅಧ್ಯಕ್ಷರು ಒಂದು ಮಾತು ಕೊಟ್ಟರು. "ಎರಡು ತಿಂಗಳು ನಮ್ಮ ಕಾಲೇಜಿನ ಹುಡುಗರಿಗೆ ಕಲಿಸಿ ನೋಡಿ. ಜಿಲ್ಲಾ ಪಂದ್ಯದಲ್ಲಿ ಚೆನ್ನಾಗಿ ಆಡಿದರೆ ಪ್ರತಿ ಭಾನುವಾರ ಕೋರ್ಟು ನಿಮ್ಮ ತಂಡಕ್ಕೆ."

ಸ್ಲ್ಯಾಬಿಗೆ ಯಾಕೆ ಇವರು ಇಷ್ಟು ಆಸೆಪಟ್ಟರು ಎಂಬುದು ನನಗೂ ಮೊದಲು ಅರ್ಥವಾಗಿರಲಿಲ್ಲ. ಅಲ್ಲಿಗೆ ಹೋದಾಗ ಮುರುಗೆಪ್ಪ ನನ್ನ ಚಪ್ಪಲಿ ಬಿಡಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸಿದರು. ಯಾರೋ ಆ ತುದಿಯಲ್ಲಿ ಚೆಂಡು ಬಡಿದರು. ಅಂಗಾಲಿನಲ್ಲಿ ಜುಮ್ಮೆಂದಿತು. ಹತ್ತಿರ ಬಂದಷ್ಟೂ ನಡುಕ ಜೋರಾಯಿತು. ಕಿವುಡ ಹುಡುಗರು ಬರಿಗಾಲಲ್ಲಿ ಆಡುವುದು ಅದಕ್ಕೇ. ಬೆನ್ನ ಹಿಂದಿನ ಚೆಂಡು ಅವರಿಗೆ ಪಾದದಲ್ಲಿ ಗೊತ್ತಾಗುತ್ತದೆ. "ಮಣ್ಣಿನ್ಯಾಗ ಆಡಿದರ ನಾವು ಎರಡ ಸಲ ಕಿವುಡರ ಆಗತೀವಿ," ಎಂದರು ಮುರುಗೆಪ್ಪ.

ಕಾಲೇಜಿನ ಹುಡುಗರು ಮೊದಲ ದಿನ ಬಂದದ್ದು ತಮಾಷೆ ನೋಡಲು. ಕ್ಯಾಪ್ಟನ್ ಲೀಲಾಧರ ಮಂಗಳೂರು ಕಡೆಯ ಹುಡುಗ, ತಂದೆ ಹೋಟೆಲಿನಲ್ಲಿ ಹಣದ ಗಲ್ಲಾದಲ್ಲಿ ಕೂರುವವರು. ಮುರುಗೆಪ್ಪ ಕನ್ನಡದಲ್ಲಿ ಮಾತಾಡಿದರೆ ಅವನು ಪಕ್ಕದವನಿಗೆ ಮರಾಠಿಯಲ್ಲಿ ಏನೋ ಹೇಳಿ ನಗುತ್ತಿದ್ದ. "ಕಿಸಕ್ಕಂತ ನಕ್ಕರು ಎಲ್ಲಾರೂ," ಎಂದು ನೀಲಗಂಗಾ ನೆನೆಯುತ್ತಾರೆ. "ಅಣ್ಣ ಚೀಲಕ್ಕ ಕೈ ಹಾಕಿದಾ. ಒಂದ ಸುರುಳಿ ಹತ್ತಿ ತಗದು ಎಲ್ಲಾರ ಕೈಯಾಗ ಇಷ್ಟಿಷ್ಟ ಇಟ್ಟಾ."

ಹತ್ತಿಯನ್ನು ಕಿವಿಗೆ ತುರುಕಿಕೊಳ್ಳಬೇಕು. ಬೂಟು ಬಿಚ್ಚಬೇಕು. ಚೆಂಡು ಬೇಕೆಂದು ಯಾರೂ ಕೂಗಬಾರದು. ಕೋಚ್ ತಲೆಯ ಮೇಲೆ ಕೆಂಪು ಟವೆಲ್ ಎತ್ತಿದರೆ ಮಾತ್ರ ಆಟ ನಿಲ್ಲಿಸಬೇಕು. ಕಿವಿ ಇದ್ದವರು ಕೂಗಿನ ಭರವಸೆಯಲ್ಲಿ ಕಣ್ಣು ಬಿಡುವುದನ್ನೇ ಮರೆಯುತ್ತಾರೆ ಎಂಬುದು ಮುರುಗೆಪ್ಪನವರ ಲೆಕ್ಕಾಚಾರ. ಮೊದಲ ವಾರ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಹಣೆ ಊದಿಸಿಕೊಂಡರು. ಆಮೇಲೆ ಸುಧಾರಿಸಿದರು. ನಾನು ಹೋದ ಬೆಳಿಗ್ಗೆ ಸ್ಲ್ಯಾಬಿನ ಮೇಲೆ ಕೋಚ್‌ಗಳ ಜೊತೆ ಬಂದ ಕಿವುಡ ಹುಡುಗರೂ ಕಾಲೇಜಿನವರೂ ಬೆರೆತು ಆಡುತ್ತಿದ್ದರು, ಯಾರು ಯಾರೆಂದು ಗುರುತು ಹಿಡಿಯಲು ಆಗಲಿಲ್ಲ. ಲೀಲಾಧರ ಬೆವರು ಒರೆಸಿಕೊಳ್ಳುತ್ತ ನನ್ನೊಡನೆ ಹೇಳಿದ, "ಮೊದಲು ನಾವು ಬರೀ ಬೊಬ್ಬೆ ಹೊಡೀತಿದ್ದದ್ದು ಸರ್. ಈಗ ನೋಡ್ಲಿಕ್ಕೆ ಕಲ್ತೆವು. ಇಂಥ ಕೋಚ್ ಕಿಧರ್ ಮಿಲೇಗಾ."

ನಾನು ಅಂದುಕೊಂಡದ್ದು ಅಲ್ಲಿಗೇ ಲೇಖನ ಮುಗಿಯಿತೆಂದು. ಭಾನುವಾರದ ಪುರವಣಿಗೆ ಹದವಾದ ಸಿಹಿ ಸುದ್ದಿ.

ಆಮೇಲೆ ಜಿಲ್ಲಾ ಪಂದ್ಯ, ಠಾಣೆಯಲ್ಲಿ ಸೆಮಿಫೈನಲ್. ಆಟ ಶುರುವಾಗುವ ಮೊದಲು ಮುರುಗೆಪ್ಪ ಹುಡುಗರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕಿವಿಯನ್ನೂ ನೋಡಿದರು. "ಹತ್ತಿ ತಗೀರಿ. ಇಲ್ಲಿ ಸೀಟಿ ಊದತಾರ. ನನಗ ಕೇಳಂಗಿಲ್ಲ, ನಿಮಗ ಕೇಳಬೇಕು." ಅವರ ದನಿ ನಿಮಗೆ ಗೊತ್ತಲ್ಲ, ಗ್ಯಾಲರಿಯಲ್ಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಎದುರು ತಂಡದ ಕಡೆಯವರಿಗೂ ಕೇಳಿಸಿತು, ಕೋಚ್ ಕಿವುಡರೆಂದು ತಿಳಿಯಿತು. ಅಷ್ಟೇ ಸಾಕಾಯಿತು. ನಮ್ಮ ಹುಡುಗರು ಚೆಂಡು ಮುಟ್ಟಿದಾಗಲೆಲ್ಲ ಕಿವಿಗೆ ಕೈ ಒಡ್ಡಿ "ಬಹಿರೇ, ಬಹಿರೇ" ಎಂದು ಕೂಗಲು ಶುರುಮಾಡಿದರು. ಮರಾಠಿಯಲ್ಲಿ ಕಿವುಡರು ಎಂದು. ನಮ್ಮವರು ಕೈಗೆ ಬಂದ ಚೆಂಡು ಬಿಡುತ್ತ ಅಂಕಗಳಲ್ಲಿ ಹಿಂದೆ ಬಿದ್ದರು.

ವಿರಾಮದಲ್ಲಿ ಲೀಲಾಧರ ಚಡ್ಡಿಯ ಜೇಬಿನಿಂದ ಹತ್ತಿ ತೆಗೆದು ಯಾರಿಗೂ ಕಾಣದಂತೆ ಕಿವಿಗೆ ಇಟ್ಟುಕೊಂಡ. ಅವನನ್ನು ನೋಡಿ ಇನ್ನೂ ಕೆಲವರು ಇಟ್ಟುಕೊಂಡರು. ಆಮೇಲೆ ಆಡಿದರು ನೋಡಿ, ಸ್ಲ್ಯಾಬಿನ ಮೇಲೆ ಆಡಿದ ಹಾಗೇ ಆಡಿದರು. ಕೂಗು ಅವರನ್ನು ಮುಟ್ಟಲೇ ಇಲ್ಲ. ಕೊನೆಯ ನಿಮಿಷದ ಹೊತ್ತಿಗೆ ಒಂದು ಅಂಕ ಮುಂದಿದ್ದರು.

ಆಗ ರೆಫರಿ ಯಾವುದೋ ತಪ್ಪಿಗೆ ಸೀಟಿ ಊದಿದರು. ಎದುರಿನವರು ನಿಂತರು. ಬೆಂಚಿನಲ್ಲಿದ್ದ ಮುರುಗೆಪ್ಪ, ಕುಶಲ ರೆಫರಿಯ ಕೈ ಮೇಲೇರಿದ್ದು ಕಂಡು ಟವೆಲ್ ಎತ್ತಿದರು. ಲೀಲಾಧರ ಅವರಿಗೆ ಬೆನ್ನು ಮಾಡಿದ್ದ, ಅವನ ಕಣ್ಣು ಬಳೆಯ ಮೇಲಿತ್ತು. ಓಡಿ ಬಂದು ಜಿಗಿದ. ಸುಮ್ಮನೆ ನಿಂತಿದ್ದ ಹುಡುಗನಿಗೆ ಗುದ್ದಿ ಅವನ ಗದ್ದ ಒಡೆದ. ಬೇಕೆಂದೇ ಮಾಡಿದ್ದು ಎಂದು ರೆಫರಿ ತೀರ್ಮಾನಿಸಿ ಎದುರಿನವರಿಗೆ ಎರಡು ಫ್ರೀ ಥ್ರೋ ಕೊಟ್ಟರು. ಅವರು ಎರಡನ್ನೂ ಹಾಕಿದರು. ನಮ್ಮವರು ಸೋತರು. ಹುಡುಗರ ಕಿವಿಯಲ್ಲಿ ಹತ್ತಿ ಇದ್ದದ್ದು ಅಧ್ಯಕ್ಷರ ಕಿವಿಗೂ ಹೋಯಿತು.

ಸೋಲು ಇರಲಿ, ಆಟದಲ್ಲಿ ಸೋಲು ಇದ್ದದ್ದೇ. ನನಗೆ ಹೊಟ್ಟೆ ಉರಿಯುವುದು ಮರುದಿನದ ಸಭೆಯನ್ನು ನೆನೆದಾಗ. ಅಧ್ಯಕ್ಷರ ಕೋಣೆಯಲ್ಲಿ ಮಂಡಳಿಯವರೆಲ್ಲ ಕುಳಿತಿದ್ದರು. ಒಂದು ಬದಿಗೆ ಕೋಚ್‌ಗಳು, ನೀಲಗಂಗಾ, ನಾನು. ಲೀಲಾಧರನನ್ನು ಮೇಜಿನ ಮುಂದೆ ನಿಲ್ಲಿಸಿದರು. ಅವನಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದು ಇದೇ ಅಧ್ಯಕ್ಷರ ಒಂದು ಮಾತಿನಿಂದ.

"ಕಿವಿಗೆ ಹತ್ತಿ ಇಡ್ಲಿಕ್ಕೆ ಯಾರು ಹೇಳಿದ್ದು?" ಎಂದು ಅಧ್ಯಕ್ಷರು ಕೇಳಿದರು.

ಹುಡುಗ ತಲೆ ತಗ್ಗಿಸಿ ಹೇಳಿದ, "ಕೋಚ್ ಸರ್ ಹೇಳಿದ್ದು."

ನೀಲಗಂಗಾರ ಕೈಗಳು ಗಾಳಿಯಲ್ಲಿ ನಿಂತುಬಿಟ್ಟವು. ಹುಡುಗನ ಮುಖ ಕೆಳಗಿದ್ದುದರಿಂದ ಮುರುಗೆಪ್ಪನವರಿಗೆ ಅವನ ತುಟಿ ಕಂಡಿರಲಿಲ್ಲ. ಅವರು ತಂಗಿಯ ಕೈಯನ್ನೇ ನೋಡುತ್ತಿದ್ದರು. ಆಕೆ ಹೇಳಲೇಬೇಕಾಯಿತು, ಹೇಳಿದರು. "ಮುಚ್ಚಿಡಬಹುದಿತ್ತರಿ," ಎಂದು ಈಗ ನನ್ನೊಡನೆ ಅನ್ನುತ್ತಾರೆ. "ಆದರ ತಿಳವಳಿಕಿ ಬಂದಾಗಿಂದ ಅಣ್ಣಗ ನಾನ ಕಿವಿ. ಕಿವಿ ಸುಳ್ಳ ಹೇಳಿದರ ಹೆಂಗ?"

ಮುರುಗೆಪ್ಪ ಎದ್ದು ನಿಂತರು. "ನಾ ಹೇಳಿಲ್ಲ. ತಗೀರಿ ಅಂತ ಹೇಳೀನಿ." ಕೋಣೆ ಗಡಗಡಿಸಿತು. ಅಧ್ಯಕ್ಷರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. "ಕಿರುಚಾಡಬೇಡಿ. ಇದು ಮೀನು ಮಾರ್ಕೆಟ್ ಅಲ್ಲ."

"ಸರ್, ಅವನ ದನಿ ಅವಗ ಕೇಳಂಗಿಲ್ಲ," ಎಂದರು ನೀಲಗಂಗಾ.

"ಹಾಗಾದರೆ ಬಾಯಿ ಮುಚ್ಚಿ ಕೂತಿರಲಿ."

ಹತ್ತಿ ತೆಗೆಯಿರಿ ಎಂದದ್ದನ್ನು ನನ್ನ ಈ ಎರಡು ಕಿವಿಯಿಂದ ಕೇಳಿದ್ದೇನೆ ಎಂದು ನಾನು ಹೇಳಿದೆ. ಪತ್ರಿಕೆಯವರು ನಡುವೆ ಬರಬಾರದು ಎಂದರು ಅಧ್ಯಕ್ಷರು. ಕುಶಲ ಎದ್ದು ಮೇಜಿನ ಹತ್ತಿರ ಹೋಗಿ ಕಿವಿಯಿಂದ ಹತ್ತಿ ಎಳೆದು ಎಸೆಯುವಂತೆ ಮತ್ತೆ ಮತ್ತೆ ಸನ್ನೆ ಮಾಡಿದರು. ಮಂಡಳಿಯವರು ಚಹಾ ಕುಡಿಯುತ್ತಿದ್ದರು. ಕಿವುಡರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅಂದು ನೋಡಿದ ಜಾಣಗಿವುಡು ಮಾತ್ರ ಬೇರೆಲ್ಲೂ ನೋಡಿಲ್ಲ. ಕೋರ್ಟು ಕೊಡುವುದಿಲ್ಲ ಎಂದು ತೀರ್ಮಾನವಾಯಿತು. ಅಧ್ಯಕ್ಷರ ಮೇಲೆ ಕೂಗಾಡಿದ್ದೂ ಒಂದು ಕಾರಣವಂತೆ.

ಅಲ್ಲಿಗೂ ಮುಗಿಯಲಿಲ್ಲ. ಈಗ ಅಲ್ಲಿ ಸಂಬಳದ ಕೋಚ್ ಒಬ್ಬರು ಬಂದಿದ್ದಾರೆ, ಕಿವಿ ಕೇಳುವವರು. ಹೋದ ತಿಂಗಳು ಬೇರೆ ಕೆಲಸಕ್ಕೆಂದು ಹೋದವನು ಸ್ಲ್ಯಾಬಿನ ಮೇಲೆ ಇಣುಕಿದೆ. ಹುಡುಗರು ಬರಿಗಾಲಲ್ಲಿ, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಆಡುತ್ತಿದ್ದರು. ಅಧ್ಯಕ್ಷರು ಯಾರೋ ಅತಿಥಿಗಳಿಗೆ ತೋರಿಸುತ್ತಿದ್ದರು. "ಇದು ನಮ್ಮ ಸಂಸ್ಥೆಯ ಹೊಸ ಪದ್ಧತಿ. ಬೇರೆ ಎಲ್ಲೂ ಇಲ್ಲ." ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ. ಏಣಿಯನ್ನು ಕದ್ದು ಮನೆಗೆ ಒಯ್ಯುವವರನ್ನು ಕಂಡದ್ದು ಇದೇ ಮೊದಲು.

ಎಂಐಡಿಸಿಯ ಖಾಲಿ ಜಾಗಕ್ಕೆ ಬಿಸಿಲು ಬಂದಿದೆ. ದಿವಾದಿಂದ, ಕಲ್ಯಾಣದಿಂದ ಹುಡುಗರು ಬರುತ್ತಿದ್ದಾರೆ. ಮೊದಲಿನಷ್ಟು ಮಂದಿ ಇಲ್ಲ. ಮಣ್ಣಿನಲ್ಲಿ ಚೆಂಡಿನ ಸುಳಿವು ಸಿಗುವುದಿಲ್ಲ, ಆಟ ಕೆಡುತ್ತದೆ, ಬೇಸತ್ತು ಒಬ್ಬೊಬ್ಬರೇ ಬಿಡುತ್ತಿದ್ದಾರೆ. ಡಿಸೆಂಬರಿನಲ್ಲಿ ಬೇರೆ ಊರಿನ ಕಿವುಡರ ತಂಡಗಳೊಡನೆ ಪಂದ್ಯವಿದೆ. ತಂಡ ಅಷ್ಟರ ತನಕ ಉಳಿಯುತ್ತದೆಯೇ ಎಂದು ಕೇಳಿದರೆ ಮುರುಗೆಪ್ಪ ನೆಲವನ್ನು ಕಾಲಿನಿಂದ ಒತ್ತಿ ನೋಡುತ್ತಾರೆ. "ಒಂದ ಸಿಮೆಂಟ ನೆಲಾ ಸಿಕ್ಕರ ಉಳೀತದ," ಎನ್ನುತ್ತಾರೆ. ಆಮೇಲೆ ಚೆಂಡು ಎತ್ತಿಕೊಂಡು ಆಟ ಶುರುಮಾಡುತ್ತಾರೆ.

ಆಟದ ನಡುವೆ ರಸ್ತೆಯ ಕಡೆಯಿಂದ ಒಬ್ಬ ನಡೆದು ಬರುತ್ತಾನೆ. ಲೀಲಾಧರ. ನನ್ನ ಕೋಪ ನೆತ್ತಿಗೇರುತ್ತದೆ. ಅವನು ನನ್ನನ್ನು ದಾಟಿ ನೀಲಗಂಗಾರ ಹತ್ತಿರ ಹೋಗುತ್ತಾನೆ.

"ಅಕ್ಕ, ನನ್ನಿಂದ ಗಲತಿ ಆಯ್ತು ಅಂತ ಸರ್‌ಗೆ ಸ್ವಲ್ಪ ಹೇಳಿ."

"ಅವತ್ತ ನಿನ್ನ ಸುಳ್ಳ ಮುಟ್ಟಿಸಿದ್ದು ನಾನ," ಎನ್ನುತ್ತಾರೆ ನೀಲಗಂಗಾ. "ಇದನ್ನ ನೀನ ಮುಟ್ಟಸು."

ಹುಡುಗ ಮುರುಗೆಪ್ಪನವರ ಎದುರು ಹೋಗಿ ನಿಲ್ಲುತ್ತಾನೆ. ಎರಡು ತಿಂಗಳಲ್ಲಿ ಅವನು ಕಲಿತದ್ದು ಆಟದ ಸನ್ನೆಗಳನ್ನು ಮಾತ್ರ. ಎಡಕ್ಕೆ, ಬಲಕ್ಕೆ, ಎಸೆ, ಹಿಡಿ. ಕ್ಷಮಿಸಿ ಎನ್ನಲು ಅವನ ಕೈಗೆ ಬರುವುದಿಲ್ಲ. ಕೊನೆಗೆ ಮುಖ ಎತ್ತಿ, ತುಟಿ ಕಾಣುವಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾನೆ. ಕಣ್ಣಲ್ಲಿ ನೀರಿದೆ. ಮುರುಗೆಪ್ಪ ಪೂರ್ತಿ ನೋಡುತ್ತಾರೆ. ಆಮೇಲೆ ಅವರು ಹೇಳುವುದು ಆಚೆ ರಸ್ತೆಯಲ್ಲಿ ಶಿಫ್ಟಿಗೆ ಹೊರಟವರಿಗೂ ಕೇಳುತ್ತದೆ.

"ನನಗ ಯಾಕ ಹೇಳತಿ? ನಾ ಕಿವುಡ ಅದೀನಿ. ಹೋಗು, ಆ ಮೇಜಿನ ಸುತ್ತ ಕುಂತಾರಲಾ, ಅವರಿಗೆ ಹೇಳು. ಅವರಿಗೆ ಕಿವಿ ಅದಾವ."